ಮದ್ದು ಗಡ್ಡೆಯವರೆಗೆ ಹೋಯಿತೇ?

ಒಳಗೆ ಬನ್ನಿ, ಬಾಗಿಲು ಹಾಕಿಕೊಳ್ಳಿ. ಹೊರಗಿನ ಬೆಳಕಿನ ಒಂದು ಗೆರೆಯೂ ಇಲ್ಲಿ ನುಸುಳಬಾರದು. ನೀವು ನಿಂತಿರುವುದು ಅಮೆರಿಕದ ಸ್ಯಾಕ್ರಮೆಂಟೊ ನಗರದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಕ್ಯಾನ್ಸರ್ ಕೇಂದ್ರದಲ್ಲಿ. ಕಾಲ 2010ರ ಆಚೀಚೆ. ಕೋಣೆ ಇಕ್ಕಟ್ಟು. ಗೋಡೆಗೆ ಒತ್ತಿಕೊಂಡಿರುವ ಕಪ್ಪು ಪೆಟ್ಟಿಗೆಯ ಬಾಗಿಲು ತೆರೆದಿದೆ. ಅದರೊಳಗಿನ ತಟ್ಟೆಯನ್ನು ಮುಟ್ಟಿ ನೋಡಿ, ಬೆಚ್ಚಗಿದೆ. ಅರಿವಳಿಕೆಯಲ್ಲಿರುವ ಇಲಿಯ ಮೈ ಬಲುಬೇಗ ತಣ್ಣಗಾಗಿಬಿಡುತ್ತದೆ, ಅದಕ್ಕೇ ಈ ವ್ಯವಸ್ಥೆ.

ಇಲಿಯ ತೂಕ ಹೆಚ್ಚೆಂದರೆ ಮೂವತ್ತು ಗ್ರಾಂ. ಮೂತಿಗೆ ಪುಟ್ಟದೊಂದು ಕೊಳವೆ ಹೊಂದಿಸಿದ್ದಾರೆ, ಅದರಲ್ಲಿ ಆಮ್ಲಜನಕದ ಜೊತೆ ಐಸೋಫ್ಲೂರೇನ್ ಹರಿದು ಬರುತ್ತಿದೆ. ಬಗ್ಗಿ ನೋಡಿದರೆ ಪಕ್ಕೆ ಏರಿಳಿಯುವುದು ಕಾಣುತ್ತದೆ. ಒಂದು ಕಡೆ ಬಿಳಿ ರೋಮ ಬೋಳಿಸಿದ್ದಾರೆ, ಅಲ್ಲಿ ಚರ್ಮದಡಿ ಒಂದು ಗಂಟು. ಗಂಟು ಇಲಿಯದಲ್ಲ. ಮೂತ್ರಕೋಶದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡ ಯಾರದೋ ಗಡ್ಡೆಯ ಚೂರು ಅದು. ರೋಗನಿರೋಧಕ ಶಕ್ತಿಯೇ ಇಲ್ಲದಂತೆ ಬೆಳೆಸಿದ ತಳಿಯಾದ್ದರಿಂದ ಇಲಿಯ ದೇಹ ಅದನ್ನು ಪರಕೀಯವೆಂದು ತಳ್ಳಿಹಾಕಿಲ್ಲ. ತನ್ನದೇ ರಕ್ತನಾಳಗಳನ್ನು ಅತ್ತ ಚಾಚಿ ಅದನ್ನು ಸಾಕುತ್ತಿದೆ. ಆ ಗಡ್ಡೆಯ ಒಡೆಯ ಎಲ್ಲೋ ಮನೆಯಲ್ಲೋ ಆಸ್ಪತ್ರೆಯಲ್ಲೋ ಇದ್ದಾರೆ. ಇಲ್ಲಿ ಅವರ ರೋಗಕ್ಕೆ ಸೂಜಿ ಚುಚ್ಚಿ ನೋಡುತ್ತಿದ್ದಾರೆ.

ನಿನ್ನೆ ಇದೇ ಹೊತ್ತಿಗೆ ಇಲಿಯ ಬಾಲವನ್ನು ಬೆಚ್ಚಗೆ ಮಾಡಿ, ನಾಳ ಉಬ್ಬಿದ ಮೇಲೆ, ತೀರಾ ಸಣ್ಣ ಸೂಜಿಯಿಂದ ಒಂದೆರಡು ಹನಿಯಷ್ಟು ದ್ರವ ಕೊಟ್ಟಿದ್ದಾರೆ. ಆ ದ್ರವದಲ್ಲಿ ಕೋಟ್ಯಂತರ ಕಣಗಳಿವೆ, ಒಂದೊಂದೂ ಸುಮಾರು ಇಪ್ಪತ್ತು ಮೂವತ್ತು ನ್ಯಾನೋಮೀಟರ್ ಅಗಲ. ಕಣಗಳ ಒಡಲಲ್ಲಿ ಬಣ್ಣ ತುಂಬಿದೆ. ಬರಿಗಣ್ಣಿಗೆ ಕಾಣಿಸೀತು ಎಂಬಂತಿರುವ ಕಡುಗೆಂಪಿನ ಅಂಚಿನಲ್ಲಿ ಹೊಳೆಯುವ ಬಣ್ಣ ಅದು. ಹಸಿರು ನೀಲಿ ಬೆಳಕನ್ನು ರಕ್ತ, ಮಾಂಸ ನುಂಗಿಹಾಕುತ್ತವೆ. ಕೆಂಪಿನ ಆಚೆಯ ಬೆಳಕು ಮಾತ್ರ ಚರ್ಮ ದಾಟಿ ಒಂದಿಷ್ಟು ಹೊರಬರುತ್ತದೆ. ಕತ್ತಲಲ್ಲಿ ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿ ನೋಡಿದ್ದರೆ ನಿಮಗಿದು ಗೊತ್ತಿರುತ್ತದೆ, ಕೈಯೊಳಗಿಂದ ಬರುವುದು ಕೆಂಪು ಒಂದೇ.

ಇಲಿಯ ಊಟದ ಕಡೆಯೂ ಒಮ್ಮೆ ಗಮನ ಕೊಡಿ. ಪ್ರಯೋಗಾಲಯದ ಮಾಮೂಲಿ ತಿಂಡಿಯಲ್ಲಿ ಕುದುರೆ ಮೆಂತ್ಯ, ಅಂದರೆ ನಮ್ಮ ಡೇರಿಯವರು ಲೂಸರ್ನ್ ಎನ್ನುವ ಹಸಿರು ಮೇವು, ಒಣಗಿಸಿ ಬೆರೆಸಿರುತ್ತದೆ. ಅದರ ಹರಿತ್ತು ಹೊಟ್ಟೆಯೊಳಗಿದ್ದರೂ ಕಡುಗೆಂಪಾಗಿ ಹೊಳೆಯುತ್ತದೆ. ಕ್ಯಾಮೆರಾ ಮುಂದೆ ಇಡೀ ಕರುಳು ಬೆಳಗಿ, ಮದ್ದು ಕರುಳಿಗೆ ಹೋಯಿತೆಂದು ನೋಡುವವರು ಮೋಸಹೋಗಬಹುದು. ಆದ್ದರಿಂದ ಈ ಇಲಿಗಳಿಗೆ ಕೆಲವು ದಿನ ಮುಂಚಿನಿಂದಲೇ ಸೊಪ್ಪಿಲ್ಲದ ಪಥ್ಯದ ಊಟ. ಈ ವಿವರ ನನಗೆ ಬಹಳ ಮುಖ್ಯವೆನಿಸುತ್ತದೆ. ಪರದೆಯ ಮೇಲೆ ಕಂಡದ್ದೆಲ್ಲ ಮದ್ದಲ್ಲ, ಕಾಣದ್ದೆಲ್ಲ ಇಲ್ಲವೂ ಅಲ್ಲ. ಈ ಇಡೀ ವಿದ್ಯೆ ನಿಂತಿರುವುದೇ ಯಾವ ಬೆಳಕನ್ನು ನಂಬಬೇಕು ಎಂಬ ಪ್ರಶ್ನೆಯ ಮೇಲೆ.

ಪೆಟ್ಟಿಗೆ ಮುಚ್ಚಿತು. ಕ್ಯಾಮೆರಾದ ಕಣ್ಣನ್ನು ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆಗೆ ತಣಿಸಿದ್ದಾರೆ, ಅದರ ಸ್ವಂತ ಬಿಸಿಯೇ ಚಿತ್ರದಲ್ಲಿ ಕಲೆ ಬೀಳಿಸದಿರಲಿ ಎಂದು. ಪರದೆಯಲ್ಲಿ ಮೊದಲು ಇಲಿಯ ಕಪ್ಪು ಬಿಳುಪು ಚಿತ್ರ. ಕೆಲವು ಸೆಕೆಂಡು. ಆಮೇಲೆ ಅದರ ಮೇಲೆ ಬಣ್ಣ ಹರಡುತ್ತದೆ: ಕಡಿಮೆ ಇರುವಲ್ಲಿ ನೀಲಿ, ಹೆಚ್ಚಿರುವಲ್ಲಿ ಹಳದಿ, ತೀರಾ ಹೆಚ್ಚಿರುವಲ್ಲಿ ಕೆಂಪು. ಬಣ್ಣಗಳು ಕಂಪ್ಯೂಟರ್ ಕೊಟ್ಟವು, ಬೆಳಕು ಮಾತ್ರ ನಿಜ. ಇಲಿಯ ಮೈಯೆಲ್ಲ ಮಸುಕು ನೀಲಿ. ಬೋಳಿಸಿದ ಪಕ್ಕೆಯ ಮೇಲೆ, ಗಂಟು ಇರುವಲ್ಲಿಯೇ, ಕೆಂಪು.

ಪಕ್ಕದಲ್ಲಿ ಇನ್ನೊಂದು ಇಲಿಯ ಚಿತ್ರ ಇಟ್ಟು ನೋಡಿ. ಅದಕ್ಕೂ ಅಂಥದೇ ಗಂಟು, ಅದೇ ಬಣ್ಣ, ಅಷ್ಟೇ ಪ್ರಮಾಣ. ವ್ಯತ್ಯಾಸ ಒಂದೇ: ಆ ಕಣಗಳ ಮೈಮೇಲೆ ಗಡ್ಡೆಯನ್ನು ಗುರುತಿಸುವ ಕೊಂಡಿ ಇರಲಿಲ್ಲ. ಅಲ್ಲಿಯೂ ಗಂಟು ಬೆಳಗಿದೆ, ಆದರೆ ಮಂಕಾಗಿ. ಈ ಎರಡು ಚಿತ್ರಗಳ ನಡುವಿನ ಅಂತರವೇ ಈ ಕೋಣೆಯಲ್ಲಿ ನಡೆಯುವ ಕೆಲಸದ ಫಲ.

ಇಷ್ಟೆಲ್ಲ ಯಾಕೆ ಬೇಕು? ಉತ್ತರಕ್ಕಾಗಿ ಕತ್ತಲ ಕೋಣೆಯಿಂದ ಹೊರಬಂದು, ಯಾವುದಾದರೊಂದು ಕ್ಯಾನ್ಸರ್ ಆಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ ಐದು ನಿಮಿಷ ಕೂರಿ. ಒರಗು ಕುರ್ಚಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು. ತೋಳಿಗೆ ಡ್ರಿಪ್. ಬಾಟಲಿಯಲ್ಲಿ ಸಿಸ್‌ಪ್ಲಾಟಿನ್, ಪ್ಲಾಟಿನಂ ಲೋಹದಿಂದ ಮಾಡಿದ ಮದ್ದು. 1965ರಲ್ಲಿ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ನಡುವೆ ವಿದ್ಯುತ್ ಹರಿಸಿ ನೋಡುತ್ತಿದ್ದಾಗ, ಪ್ಲಾಟಿನಂ ತಗಡಿನಿಂದ ಕರಗಿದ ವಸ್ತು ಕೋಶಗಳು ಒಡೆದು ಎರಡಾಗುವುದನ್ನೇ ನಿಲ್ಲಿಸುತ್ತದೆ ಎಂದು ಕಂಡದ್ದರಿಂದ ಬಂದದ್ದು. 1978ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಮೂತ್ರಕೋಶದ ಕ್ಯಾನ್ಸರ್ ಸ್ನಾಯುವಿನೊಳಗೆ ಇಳಿದ ಮೇಲೆ ಅಥವಾ ಬೇರೆ ಕಡೆ ಹರಡಿದ ಮೇಲೆ ದಶಕಗಟ್ಟಲೆ ವೈದ್ಯರ ಕೈಯಲ್ಲಿದ್ದ ಮುಖ್ಯ ಅಸ್ತ್ರ ಇದೇ.

ತೋಳಿನ ನಾಳಕ್ಕೆ ಇಳಿದ ಆ ಮದ್ದು ಹೃದಯಕ್ಕೆ ಹೋಗಿ ಅಲ್ಲಿಂದ ಇಡೀ ಮೈಗೆ ಹಂಚಿಹೋಗುತ್ತದೆ. ಮೂತ್ರಪಿಂಡದ ನಳಿಕೆಗಳನ್ನು ಸುಡುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನು ಕೊಲ್ಲುತ್ತದೆ, ಅವು ಮತ್ತೆ ಹುಟ್ಟುವುದಿಲ್ಲ. ಬೆರಳ ತುದಿ ಜೋಮು ಹಿಡಿಯುತ್ತದೆ. ಈ ಕ್ಯಾನ್ಸರ್ ಬರುವುದೇ ಹೆಚ್ಚಾಗಿ ಮುಪ್ಪಿನಲ್ಲಿ, ಅದೂ ಹಲವು ವರ್ಷ ತಂಬಾಕು ಸೇದಿದವರಲ್ಲಿ ಹೆಚ್ಚು. ಅಂಥವರ ಮೂತ್ರಪಿಂಡ, ಹೃದಯ ಮೊದಲೇ ಬಳಲಿರುತ್ತವೆ. ಹೀಗಾಗಿ ರೋಗ ಹರಡಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಸಿಸ್‌ಪ್ಲಾಟಿನ್ ಕೊಡುವ ಹಾಗೆಯೇ ಇರುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಮೂತ್ರಕೋಶದ ಕ್ಯಾನ್ಸರ್ ಪತ್ತೆಯಾಗುತ್ತದೆ. (ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೂತ್ರದಲ್ಲಿ ರಕ್ತ ಕಂಡು, ನೋವಿಲ್ಲವಲ್ಲ, ಎರಡು ದಿನಕ್ಕೆ ತಾನೇ ನಿಂತಿತಲ್ಲ ಎಂದು ಸುಮ್ಮನಾಗುವವರು ಬಹಳ. ನೋವಿಲ್ಲದ ರಕ್ತವೇ ಹೆಚ್ಚಾಗಿ ಈ ರೋಗದ ಮೊದಲ ಸುಳಿವು. ಒಮ್ಮೆ ಕಂಡರೂ ವೈದ್ಯರಿಗೆ ತೋರಿಸಿ.)

ಕುರ್ಚಿಯಲ್ಲಿ ಕೂತ ಹಿರಿಯರ ಕಥೆ ಮುಂದುವರಿಯುತ್ತದೆ. ಕೆಲವು ಸುತ್ತು ಮದ್ದು. ವಾಂತಿ, ಸುಸ್ತು, ಕಿವಿಯಲ್ಲಿ ಗುಂಯ್ ಸದ್ದು. ಎರಡು ಮೂರು ತಿಂಗಳ ಮೇಲೆ ಸಿ.ಟಿ. ಸ್ಕ್ಯಾನ್. ರಿಪೋರ್ಟಿನಲ್ಲಿ ಗಡ್ಡೆಯ ಅಳತೆ ಮೊದಲಿನಷ್ಟೇ. ವೈದ್ಯರು ಹೇಳುತ್ತಾರೆ, ಮದ್ದು ಹಿಡಿಯಲಿಲ್ಲ.

ನನಗೆ ಇಲ್ಲಿಯೇ ನಿಲ್ಲಬೇಕೆನಿಸುತ್ತದೆ. ಮದ್ದು ಹಿಡಿಯಲಿಲ್ಲ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಸೋಲುಗಳು ಅಡಗಿವೆ. ಮದ್ದು ಗಡ್ಡೆಯನ್ನು ತಲುಪಿ, ಕೋಶಗಳ ಒಳಹೊಕ್ಕು, ಅಲ್ಲಿ ಸೋತಿರಬಹುದು. ಇಲ್ಲವೇ ಸಾಕಷ್ಟು ಮದ್ದು ಅಲ್ಲಿಗೆ ಹೋಗಿಯೇ ಇರಲಿಕ್ಕಿಲ್ಲ. ಮೊದಲನೆಯದಾದರೆ ಮದ್ದು ಬದಲಿಸಬೇಕು. ಎರಡನೆಯದಾದರೆ ಮದ್ದನ್ನು ಸಾಗಿಸುವ ದಾರಿ ಬದಲಿಸಬೇಕು. ಮೂರು ತಿಂಗಳ ನಂತರದ ಅಳತೆಪಟ್ಟಿ ಇವೆರಡನ್ನು ಬೇರೆ ಮಾಡಿ ಹೇಳುವುದಿಲ್ಲ. ಅಷ್ಟರಲ್ಲಿ ರೋಗಿ ಕಳೆದುಕೊಂಡಿರುವುದು ಮೂರು ತಿಂಗಳು, ಮತ್ತು ಒಂದಿಷ್ಟು ಮೂತ್ರಪಿಂಡ. ಮದ್ದು ಹೋದ ದಾರಿಯನ್ನು ಮೊದಲ ದಿನಗಳಲ್ಲೇ ಕಣ್ಣಾರೆ ನೋಡಬೇಕೆಂಬ ಹಟ ಹುಟ್ಟಿದ್ದು ಈ ನೋವಿನಿಂದ. ಅದು ಸರಿಯಾದ ಹಟ ಎಂದೇ ನನ್ನ ನಂಬಿಕೆ.

ಇನ್ನು ಕಣಗಳ ಮೈಮೇಲೆ ಗಡ್ಡೆಯನ್ನು ಗುರುತಿಸುವ ಆ ಕೊಂಡಿ ಎಲ್ಲಿಂದ ಬಂತು ಎಂದು ನೋಡೋಣ. ಸ್ಯಾಕ್ರಮೆಂಟೊಗೆ ಮರಳಿ, ಈ ಬಾರಿ ಬೆಳಕಿರುವ ಕೋಣೆಗೆ.

ಸೂಕ್ಷ್ಮದರ್ಶಕದ ಮುಂದೆ ಕೂರಿ. ಕೆಳಗಿನ ಗಾಜಿನ ತಟ್ಟೆಯಲ್ಲಿ ಸಾವಿರಾರು ದುಂಡು ಮಣಿಗಳು. ಒಂದೊಂದೂ ತಲೆಗೂದಲಿನಷ್ಟು ದಪ್ಪ, ಸುಮಾರು 90 ಮೈಕ್ರಾನ್. ಪ್ರತಿ ಮಣಿಯ ಮೈತುಂಬ ಅಮೈನೋ ಆಮ್ಲಗಳ ಒಂದೇ ಬಗೆಯ ಸರ, ಒಂದು ಮಣಿಯ ಸರ ಇನ್ನೊಂದು ಮಣಿಯದಲ್ಲ. ಮಣಿಗಳನ್ನು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಅಮೈನೋ ಆಮ್ಲ ಪೋಣಿಸುವುದು, ಮತ್ತೆ ಎಲ್ಲವನ್ನೂ ಬೆರೆಸುವುದು, ಮತ್ತೆ ಗುಂಪು ಮಾಡಿ ಪೋಣಿಸುವುದು: ಹೀಗೆ ಕೆಲವೇ ಸುತ್ತಿನಲ್ಲಿ ಲಕ್ಷಾಂತರ ಬಗೆಯ ಸರಗಳು ತಯಾರಾಗುತ್ತವೆ. ಒಂದು ಮಣಿಗೆ ಒಂದೇ ಸಂಯುಕ್ತ ಎಂಬ ಈ ವಿಧಾನವನ್ನು ಕಿಟ್ ಲ್ಯಾಮ್ ಮತ್ತು ಜೊತೆಗಾರರು 1991ರಲ್ಲಿ, ಅರಿಜೋನಾದಲ್ಲಿದ್ದಾಗ, ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ಲ್ಯಾಮ್ ಡೇವಿಸ್‌ಗೆ ಬಂದರು. ಮೂತ್ರಕೋಶದ ಕ್ಯಾನ್ಸರಿನ ವೈದ್ಯ ಚಾಂಗ್-ಶ್ಯಾನ್ ಪ್ಯಾನ್ ಅವರೊಂದಿಗೆ ಸೇರಿ ಈ ಮಣಿಗಳ ಮುಂದೆ ಒಂದು ಪ್ರಶ್ನೆ ಇಟ್ಟರು: ಕ್ಯಾನ್ಸರ್ ಕೋಶಕ್ಕೆ ಅಂಟಿ ಸಹಜ ಕೋಶವನ್ನು ಬಿಟ್ಟುಬಿಡುವ ಸರ ಯಾವುದು?

ಪ್ರಶ್ನೆ ಕೇಳುವ ರೀತಿ ಎಷ್ಟು ಸರಳವೆಂದರೆ ನೀವೇ ಮಾಡಿ ನೋಡಬಹುದು. ಮಣಿಗಳ ತಟ್ಟೆಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಸುರಿಯಿರಿ. ಮೆಲ್ಲಗೆ ಕುಲುಕುತ್ತ ಸ್ವಲ್ಪ ಹೊತ್ತು ಬಿಡಿ. ಈಗ ನೋಡಿ. ಹೆಚ್ಚುಕಡಿಮೆ ಎಲ್ಲ ಮಣಿಗಳೂ ಬೋಳು, ಅವುಗಳ ಸರ ಕೋಶಗಳಿಗೆ ಬೇಕಿಲ್ಲ. ತಟ್ಟೆಯನ್ನು ಸರಿಸುತ್ತಾ ಹೋಗಿ. ಬೋಳು, ಬೋಳು, ಬೋಳು. ಅಗೋ ಅಲ್ಲೊಂದು ಮಣಿ, ಸುತ್ತಲೂ ಕೋಶಗಳು ಕಚ್ಚಿಕೊಂಡು ಮೈಯೇ ಕಾಣದಂತಾಗಿದೆ. ಸಣ್ಣ ಪಿಪೆಟ್ಟಿನಿಂದ ಅದೊಂದನ್ನೇ ಹೀರಿ ಎತ್ತಿಡಿ. ಅದಕ್ಕಂಟಿದ ಕೋಶಗಳನ್ನು ತೊಳೆದು, ಈಗ ಆರೋಗ್ಯವಂತ ಮೂತ್ರಕೋಶದ ಕೋಶಗಳ ನಡುವೆ ಬಿಡಿ. ಅವಕ್ಕೂ ಅಂಟಿಕೊಂಡರೆ ಆ ಮಣಿ ಬೇಡ. ಅಂಟದಿದ್ದರೆ ಅದರ ಸರವನ್ನು ಒಂದೊಂದೇ ಅಮೈನೋ ಆಮ್ಲ ಕಳಚುತ್ತ ಓದಿಸಿ.

ಹಾಗೆ ಉಳಿದುಬಂದ ಸರಗಳಲ್ಲೊಂದಕ್ಕೆ ಪಿ.ಎಲ್.ಝಡ್.4 ಎಂದು ಹೆಸರಿಟ್ಟರು. ಒಂಬತ್ತು ಅಮೈನೋ ಆಮ್ಲ, ಎರಡು ತುದಿಯ ಸಿಸ್ಟೀನ್‌ಗಳು ಗಂಧಕದ ಬೆಸುಗೆಯಿಂದ ಸೇರಿ ಉಂಗುರವಾಗಿದೆ. ಮನುಷ್ಯರ ಮೂತ್ರಕೋಶದ ಕ್ಯಾನ್ಸರ್ ಕೋಶಕ್ಕೆ ಕಚ್ಚಿಕೊಳ್ಳುತ್ತದೆ, ಸಹಜ ಕೋಶವನ್ನು ಬಿಟ್ಟು ಮುಂದೆ ಹೋಗುತ್ತದೆ. ನಾಯಿಗಳ ಮೂತ್ರಕೋಶದ ಕ್ಯಾನ್ಸರಿಗೂ ಅಂಟುತ್ತದೆ ಎಂದು ತಿಳಿದದ್ದು ದೊಡ್ಡ ಅನುಕೂಲ. ಏಕೆಂದರೆ ನಾಯಿಗಳಿಗೆ, ಅದರಲ್ಲೂ ಸ್ಕಾಟಿಷ್ ಟೆರಿಯರ್ ತಳಿಗೆ, ಈ ರೋಗ ಯಾರೂ ಕಸಿ ಮಾಡದೆ ತಾನಾಗಿ ಬರುತ್ತದೆ, ಮನುಷ್ಯರಲ್ಲಿ ನಡೆದುಕೊಳ್ಳುವ ಹಾಗೆಯೇ ನಡೆದುಕೊಳ್ಳುತ್ತದೆ.

ಕೊಂಡಿಯಾಯಿತು, ಇನ್ನು ವಾಹನ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೊ ಮದ್ದು ಯೂ ಮರದ ತೊಗಟೆಯಿಂದ ಮೊದಲು ಸಿಕ್ಕದ್ದು. ನೀರಿಗೆ ಹಾಕಿದರೆ ಕರಗುವುದಿಲ್ಲ. ಅದನ್ನು ನಾಳಕ್ಕೆ ಕೊಡಲು ಹರಳೆಣ್ಣೆಯಿಂದ ಮಾಡಿದ ದ್ರಾವಕವೊಂದನ್ನು ಬಳಸುತ್ತ ಬಂದಿದ್ದಾರೆ, ಆ ದ್ರಾವಕವೇ ಕೆಲವರಿಗೆ ಭಾರಿ ಅಲರ್ಜಿ ತರುತ್ತದೆ. ಲ್ಯಾಮ್ ತಂಡ ಬೇರೆ ದಾರಿ ಹಿಡಿಯಿತು. ನೀರನ್ನು ಮೆಚ್ಚುವ ಉದ್ದ ಪಾಲಿಮರ್ ಎಳೆ, ಅದರ ತುದಿಗೆ ಎಂಟು ಕೋಲಿಕ್ ಆಮ್ಲದ ಗೊಂಚಲು. ಕೋಲಿಕ್ ಆಮ್ಲ ನಮ್ಮ ಪಿತ್ತರಸದಲ್ಲಿರುವಂಥದ್ದೇ, ತಿಂದ ತುಪ್ಪ ಎಣ್ಣೆಗಳು ಕರುಳಿನಲ್ಲಿ ಕರಗುವುದು ಅದರಿಂದ. ಇಂಥ ಎಳೆಗಳನ್ನು ನೀರಿಗೆ ಬಿಟ್ಟರೆ ಅಂಟುವಾಳದ ನೊರೆ ಜಿಡ್ಡನ್ನು ಸುತ್ತುವರಿದು ಎತ್ತಿಕೊಳ್ಳುವಂತೆ ಗೊಂಚಲುಗಳೆಲ್ಲ ಒಳಮುಖವಾಗಿ ಸೇರಿ ಉಂಡೆಯಾಗುತ್ತವೆ. ನೀರಿಗೆ ಆಗದ ಮದ್ದು ಉಂಡೆಯ ಒಡಲಲ್ಲಿ ಸುರಕ್ಷಿತ. ಹೊರಮೈಯಲ್ಲಿ ಪಿ.ಎಲ್.ಝಡ್.4ರ ಉಂಗುರಗಳು. ಅದೇ ಒಡಲಿಗೆ ಮದ್ದಿನ ಬದಲು ಬಣ್ಣ ತುಂಬಿದರೆ ನೀವು ಕತ್ತಲ ಕೋಣೆಯಲ್ಲಿ ಕಂಡ ಕೆಂಪು. 2012ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ, ಉಂಗುರವಿದ್ದ ಕಣಗಳು ಮನುಷ್ಯರ ಗಡ್ಡೆ ಹೊತ್ತ ಇಲಿಗಳಲ್ಲಿ ಗಡ್ಡೆಯನ್ನು ಹುಡುಕಿಕೊಂಡು ಹೋದವು. ಪ್ಯಾಕ್ಲಿಟ್ಯಾಕ್ಸೆಲ್ ತುಂಬಿ ಕೊಟ್ಟಾಗ ಇಲಿಗಳು ಹೆಚ್ಚು ದಿನ ಬದುಕಿದವು.

ಆದರೆ ಚಿತ್ರ ಚೆನ್ನಾಗಿ ಬಂತೆಂದು ಇಲ್ಲಿಂದ ಹೊರಡಬೇಡಿ. ಮುಂದಿನ ಹಂತ ಕಷ್ಟದ್ದು, ನೋಡಲೇಬೇಕಾದದ್ದು.

ಕೊನೆಯ ಚಿತ್ರ ತೆಗೆದ ಮೇಲೆ ಇಲಿಯನ್ನು ನೋವಾಗದಂತೆ ಕೊಲ್ಲುತ್ತಾರೆ. ಆ ಪುಟ್ಟ ಜೀವಕ್ಕೆ ನಾವೆಲ್ಲರೂ ಋಣಿ, ಅದನ್ನು ಮರೆತು ಈ ವಿಷಯ ಬರೆಯುವುದು ನನ್ನಿಂದಾಗದು. ಅಂಗಗಳನ್ನು ಒಂದೊಂದಾಗಿ ತೆಗೆದು ತಟ್ಟೆಯಲ್ಲಿ ಸಾಲಾಗಿ ಇಡುತ್ತಾರೆ: ಹೃದಯ, ಶ್ವಾಸಕೋಶ, ಲಿವರ್, ಗುಲ್ಮ, ಎರಡು ಮೂತ್ರಪಿಂಡ, ಒಂದು ತುಂಡು ಸ್ನಾಯು, ಗಡ್ಡೆ. ತಟ್ಟೆ ಮತ್ತೆ ಪೆಟ್ಟಿಗೆಯೊಳಗೆ. ಈಗ ಚರ್ಮದ ಪರದೆ ಇಲ್ಲ, ಮುಚ್ಚುಮರೆ ಇಲ್ಲ. ಗಡ್ಡೆ ಹೊಳೆಯುತ್ತದೆ, ನಿಜ. ಲಿವರ್ ಕೂಡ ಹೊಳೆಯುತ್ತದೆ. ರಕ್ತದಲ್ಲಿ ತೇಲಿ ಬಂದ ಅಪರಿಚಿತ ಕಣಗಳನ್ನು ಹಿಡಿದು ನುಂಗುವುದೇ ಲಿವರ್‌ನ ಕಾವಲು ಕೋಶಗಳ ಕಾಯಕ. ಅವುಗಳ ಕಣ್ಣು ತಪ್ಪಿಸುವುದು ಬಲು ಕಷ್ಟ. 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ತಂಡ ಹಿಂದಿನ ಹತ್ತು ವರ್ಷಗಳ ಪ್ರಯೋಗಗಳನ್ನೆಲ್ಲ ರಾಶಿ ಹಾಕಿ ಲೆಕ್ಕ ಮಾಡಿತು. ಚುಚ್ಚಿದ ನ್ಯಾನೋಕಣಗಳಲ್ಲಿ ಗಡ್ಡೆಗೆ ಸೇರಿದ್ದು ಎಷ್ಟು? ಮಧ್ಯಾಂಕ ಶೇಕಡಾ 0.7. ನೂರರಲ್ಲಿ ಒಂದು ಕೂಡ ಇಲ್ಲ. ಈ ಕ್ಷೇತ್ರದಲ್ಲಿ ಆ ಅಂಕಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ನನಗೆ ಅದರಲ್ಲಿ ನಿರಾಸೆ ಕಾಣುವುದಿಲ್ಲ. ನೋಡುವ ಉಪಕರಣ ಇದ್ದದ್ದರಿಂದ ತಾನೇ ಆ ಅಂಕಿ ಸಿಕ್ಕಿದ್ದು.

ಇನ್ನೂ ಒಂದು ಅನುಮಾನ ನಿಮಗೆ ಈಗಾಗಲೇ ಬಂದಿರಬಹುದು, ಬರಬೇಕು. ಕ್ಯಾಮೆರಾ ತೋರಿಸಿದ್ದು ಬಣ್ಣವನ್ನು, ಮದ್ದನ್ನಲ್ಲ. ಕಣ ಗಡ್ಡೆಗೆ ಹೋಗಿ ಬಾಯಿ ಬಿಡದೆ ಕುಳಿತಿದ್ದರೂ ಪರದೆ ಕೆಂಪಾಗುತ್ತದೆ. ದಾರಿಯಲ್ಲೇ ಒಡೆದು ಮದ್ದು ಚೆಲ್ಲಿ, ಬಣ್ಣವೊಂದೇ ಹೋಗಿ ಅಂಟಿದ್ದರೂ ಕೆಂಪಾಗುತ್ತದೆ. ಹೋಯಿತೇ ಎಂಬ ಪ್ರಶ್ನೆಯ ಬೆನ್ನಿಗೇ ತೆರೆಯಿತೇ ಎಂಬ ಪ್ರಶ್ನೆ.

ಇದಕ್ಕೆ ಅದೇ ಪ್ರಯೋಗಾಲಯ 2014ರಲ್ಲಿ ಕೊಟ್ಟ ಉತ್ತರ ನನಗೆ ಅತಿ ಪ್ರಿಯವಾದದ್ದು. ನ್ಯಾನೋಪಾರ್ಫಿರಿನ್ ಎಂಬ ಹೊಸ ಕಣ. ಇದರಲ್ಲಿ ಬಣ್ಣವನ್ನು ಒಡಲಲ್ಲಿ ತುಂಬುವುದಿಲ್ಲ, ಕಣವನ್ನು ಕಟ್ಟಿರುವ ಎಳೆಯೇ ಬಣ್ಣದ್ದು. ಆ ಬಣ್ಣ ಬಂದದ್ದು ಹರಿತ್ತಿನಿಂದ. ಇಲಿಯ ಊಟದಿಂದ ದೂರವಿಟ್ಟರಲ್ಲ, ಅದೇ ಹಸಿರಿನ ಸಂತತಿ ಇಲ್ಲಿ ದೀಪವಾಗಿದೆ. ಕಣ ಇಡಿಯಾಗಿದ್ದಾಗ ಬಣ್ಣದ ಅಣುಗಳು ಒಂದಕ್ಕೊಂದು ಒತ್ತಿಕೊಂಡಿದ್ದು ಪರಸ್ಪರರ ಬೆಳಕನ್ನು ನಂದಿಸುತ್ತವೆ. ನಾಳದಲ್ಲಿ ಹರಿಯುವಾಗ ಕಣ ಕತ್ತಲು. ಗಡ್ಡೆಯ ಕೋಶದೊಳಗೆ ಹೋಗಿ ಬಿಚ್ಚಿಕೊಂಡಾಗ ಅಣುಗಳು ದೂರ ಸರಿದು ಬೆಳಕು ಹೊತ್ತುತ್ತದೆ. ಪರದೆಯ ಮೇಲೆ ಹೊಳೆದರೆ ಈಗ ಅರ್ಥ ಒಂದೇ, ಇಲ್ಲಿ ಕಣ ಬಿಚ್ಚಿದೆ.

ಅದೇ ಬಣ್ಣದ ಅಣು ನಡುವೆ ಲೋಹದ ಪರಮಾಣುವೊಂದನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮ್ಯಾಂಗನೀಸ್ ಕೂರಿಸಿದರೆ ಎಂ.ಆರ್.ಐ.ಯಲ್ಲಿ ಕಾಣುತ್ತದೆ. ವಿಕಿರಣಶೀಲ ತಾಮ್ರ ಕೂರಿಸಿದರೆ ಪೆಟ್ ಸ್ಕ್ಯಾನಿನಲ್ಲಿ ಕಾಣುತ್ತದೆ. ತಾಮ್ರದ ಸುಳಿವು ಕಣ ಮುಚ್ಚಿರಲಿ ತೆರೆದಿರಲಿ ಸಿಗುತ್ತಲೇ ಇರುತ್ತದೆ. ಹಾಗಾಗಿ ಒಂದು ಕಣ್ಣು ತಲುಪಿದ್ದನ್ನು ಹೇಳಬಲ್ಲದು, ಇನ್ನೊಂದು ತೆರೆದದ್ದನ್ನು. ಮದ್ದನ್ನೂ ತುಂಬಬಹುದು, ಹೊರಗಿನಿಂದ ಕೆಂಪು ಬೆಳಕು ಬಿಟ್ಟು ಅದೇ ಬಣ್ಣದಿಂದ ಗಡ್ಡೆಯನ್ನು ಸುಡಲೂಬಹುದು. 2016ರ ಹೊತ್ತಿಗೆ ಇದಕ್ಕೆ ಪಿ.ಎಲ್.ಝಡ್.4ರ ಕೊಂಡಿ ತೊಡಿಸಿ ಮೂತ್ರಕೋಶದ ಕ್ಯಾನ್ಸರಿನ ಮೇಲೆಯೇ ಪ್ರಯೋಗಿಸಿದರು.

ಈ ಕ್ಯಾನ್ಸರಿಗೆ ಬೆಳಕು ಹೊಸತೇನಲ್ಲ. ಆಪರೇಷನ್ ಥಿಯೇಟರಿಗೆ ಇಣುಕಿ ನೋಡಿ. ರೋಗಿಯ ಮೂತ್ರಕೋಶಕ್ಕೆ ಒಂದು ಗಂಟೆ ಮೊದಲೇ ತೆಳು ನಳಿಕೆಯಿಂದ ಒಂದು ದ್ರಾವಣ ಸುರಿದಿದ್ದಾರೆ, ಅಮೆರಿಕದಲ್ಲಿ 2010ರಿಂದ ಬಳಕೆಗೆ ಬಂದದ್ದು. ಕ್ಯಾನ್ಸರ್ ಕೋಶಗಳು ಅದನ್ನು ಪಾರ್ಫಿರಿನ್ ಎಂಬ ಹೊಳೆಯುವ ಬಣ್ಣವಾಗಿ ಮಾಡಿ ಕೂಡಿಟ್ಟುಕೊಳ್ಳುತ್ತವೆ. ಸಿಸ್ಟೋಸ್ಕೋಪಿನ ಬಿಳಿ ಬೆಳಕಿನಲ್ಲಿ ಒಳಗೋಡೆ ಎಲ್ಲೆಡೆ ತಿಳಿಗುಲಾಬಿ, ಅಲ್ಲೊಂದು ಇಲ್ಲೊಂದು ಕೆಂಪು ನಾಳ. ವೈದ್ಯೆ ಒಂದು ಗುಂಡಿ ಒತ್ತಿ ನೀಲಿ ಬೆಳಕಿಗೆ ಬದಲಿಸುತ್ತಾರೆ. ಗೋಡೆ ನೀಲಿಯಾಯಿತು. ಬಿಳಿ ಬೆಳಕಿನಲ್ಲಿ ಏನೂ ಕಾಣದಿದ್ದ ಮೂಲೆಯಲ್ಲಿ ಚಪ್ಪಟೆ ಮಚ್ಚೆಯೊಂದು ಕೆಂಪಗೆ ಎದ್ದು ಕೂತಿದೆ. ಹೊಸದಾಗಿ ಪತ್ತೆಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ರೋಗ ಇನ್ನೂ ಸ್ನಾಯುವಿಗೆ ಇಳಿದಿರುವುದಿಲ್ಲ. ಇಂಥವರಲ್ಲಿ ಕಣ್ತಪ್ಪಿದ ಒಂದು ಮಚ್ಚೆ ರೋಗ ಮರುಕಳಿಸಲು ಸಾಕು.

ರೋಗ ಬೇರೆ ಕಡೆ ಹರಡಿದ ಮೇಲೆ ಮಾತ್ರ ಬೆಳಕಿನ ಕೈ ಸಾಲದು. ಇಲಿಯ ಪಕ್ಕೆಯಿಂದ ಹೊರಬರುವ ಕೆಂಪು ಬೆಳಕು ಮನುಷ್ಯರ ಶ್ವಾಸಕೋಶದ ಆಳದಿಂದ ಬರಲಾರದು. ಅಲ್ಲಿಗೆ ಪೆಟ್ ಸ್ಕ್ಯಾನೇ ಬೇಕು. ಪೆಟ್ ಸ್ಕ್ಯಾನ್ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ವಿಕಿರಣಶೀಲ ಸಕ್ಕರೆ ಕೊಟ್ಟು ಮಾಡುವುದು. ಮೂತ್ರಕೋಶದ ವಿಷಯದಲ್ಲಿ ಅದಕ್ಕೊಂದು ಹಳೆಯ ತೊಡಕು. ಮಾಮೂಲಿ ಸಕ್ಕರೆಯನ್ನು ಮೂತ್ರಪಿಂಡ ಸೋಸಿದರೂ ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ, ಈ ಸಕ್ಕರೆಯನ್ನು ಎಳೆದುಕೊಳ್ಳುವುದಿಲ್ಲ. ಅದು ಮೂತ್ರಕ್ಕೆ ಇಳಿದು ಇಡೀ ಮೂತ್ರಕೋಶ ಧಗಧಗ ಹೊಳೆಯುತ್ತದೆ, ಗೋಡೆಯ ಗಡ್ಡೆ ಆ ಪ್ರಕಾಶದಲ್ಲಿ ಕಾಣೆಯಾಗುತ್ತದೆ. ನೀರು ಕುಡಿಸುತ್ತಾರೆ, ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೊಡುತ್ತಾರೆ, ಖಾಲಿ ಮಾಡಿಸಿ ಮತ್ತೆ ಚಿತ್ರ ತೆಗೆಯುತ್ತಾರೆ. ಅಷ್ಟು ಮಾಡಿಯೂ ಆ ಸಕ್ಕರೆ ಹೇಳುವುದು ಕೋಶಗಳು ಹಸಿದಿವೆ ಎಂದಷ್ಟೇ, ಮದ್ದು ಅವುಗಳನ್ನು ಮುಟ್ಟೀತೇ ಎಂದಲ್ಲ.

ಈಗ ಬೀಜಿಂಗ್‌ಗೆ ಬನ್ನಿ. ಅಲ್ಲಿನ ಸಂಶೋಧಕರು 2023ರಲ್ಲಿ ಮೊದಲ ಬಾರಿ ಮನುಷ್ಯರಲ್ಲಿ ಬಳಸಿದ್ದನ್ನು ಪ್ರಕಟಿಸಿದ ಸ್ಕ್ಯಾನ್ ಇದು. ಸೀಸದ ಗೋಡೆಯ ಹಿಂದೆ ತಯಾರಾದ ಸಿರಿಂಜನ್ನು ಬೇಗ ತರುತ್ತಾರೆ, ತಡಮಾಡುವಂತಿಲ್ಲ. ಅದರಲ್ಲಿರುವ ಗ್ಯಾಲಿಯಂ-68ರ ಅರ್ಧಾಯುಷ್ಯ 68 ನಿಮಿಷ. ಗ್ಯಾಲಿಯಂ ಅಂಟಿರುವುದು ಎರಡು ಉಂಗುರದ ಪುಟ್ಟ ಪೆಪ್ಟೈಡಿಗೆ, ಆ ಪೆಪ್ಟೈಡ್ ಹುಡುಕುವುದು ನೆಕ್ಟಿನ್-4 ಎಂಬ ಪ್ರೋಟೀನನ್ನು. ಮೂತ್ರಕೋಶದ ಕ್ಯಾನ್ಸರ್ ಕೋಶಗಳ ಹೊರಮೈಯಲ್ಲಿ ಈ ಪ್ರೋಟೀನ್ ಹೇರಳ.

ನೆಕ್ಟಿನ್-4 ಏಕೆ? ಈ ಹತ್ತು ವರ್ಷಗಳಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಬಂದ ಮದ್ದುಗಳಲ್ಲಿ ಅತಿ ದೊಡ್ಡದು ಗುರಿಯಿಡುವುದು ಅದಕ್ಕೇ. ಎನ್‌ಫೋರ್ಟುಮಾಬ್ ವೆಡೋಟಿನ್: ನೆಕ್ಟಿನ್-4ಕ್ಕೆ ಅಂಟುವ ಪ್ರತಿಕಾಯ, ಅದರ ಬೆನ್ನಿಗೆ ಕಟ್ಟಿದ ಉಗ್ರ ಕೀಮೊ ವಿಷ. ಕೋಶ ಅದನ್ನು ಒಳಗೆಳೆದುಕೊಂಡ ಮೇಲೆ ಕಟ್ಟು ಕಡಿದು ವಿಷ ಬಿಡುಗಡೆಯಾಗುತ್ತದೆ. 2019ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಪೆಂಬ್ರೋಲಿಜುಮಾಬ್ ಜೊತೆ ಕೊಟ್ಟಾಗ ಬದುಕಿದ ಅವಧಿಯ ಮಧ್ಯಾಂಕ 31.5 ತಿಂಗಳು, ಹಳೆಯ ಪ್ಲಾಟಿನಂ ಕೀಮೊ ಪಡೆದವರಲ್ಲಿ 16.1 ತಿಂಗಳು. ಹೆಚ್ಚುಕಡಿಮೆ ದುಪ್ಪಟ್ಟು. ಹರಡಿದ ಮೂತ್ರಕೋಶದ ಕ್ಯಾನ್ಸರಿನಲ್ಲಿ ಇಂಥ ಅಂಕಿ ಯಾರೂ ಕಂಡಿರಲಿಲ್ಲ. ಸಂಭ್ರಮಪಡಬೇಕಾದದ್ದೇ. ಚರ್ಮದಲ್ಲೂ ನೆಕ್ಟಿನ್-4 ಇರುವುದರಿಂದ ಮೈಮೇಲೆ ದದ್ದು ಏಳುತ್ತದೆ, ನರಗಳು ಜೋಮು ಹಿಡಿಯುತ್ತವೆ. ಗುರಿಯಿಟ್ಟ ಮದ್ದೂ ದಾರಿಯಲ್ಲಿ ಬೇರೆ ಬಾಗಿಲು ತಟ್ಟುತ್ತದೆ.

ಮತ್ತೆ ಬೀಜಿಂಗ್‌ನ ಸ್ಕ್ಯಾನ್ ಕೋಣೆಗೆ. ರೋಗಿ ಮೂತ್ರಕ್ಕೆ ಹೋಗಿ ಬಂದು ಮಲಗಿದ್ದಾರೆ. ಮಂಚ ಯಂತ್ರದ ಉಂಗುರದೊಳಕ್ಕೆ ಮೆಲ್ಲಗೆ ಸರಿಯುತ್ತದೆ. ನೀವು ಗಾಜಿನ ಈಚೆ, ಪರದೆಯ ಮುಂದೆ. ಚಿತ್ರ ಮೇಲಿನಿಂದ ಕೆಳಗೆ ಕೂಡಿಕೊಳ್ಳುತ್ತ ಬರುತ್ತದೆ. ಮೂತ್ರಪಿಂಡಗಳು, ಮೂತ್ರಕೋಶ ಪ್ರಖರ, ಈ ಪೆಪ್ಟೈಡ್ ಹೊರಹೋಗುವ ದಾರಿಯೂ ಅದೇ ಆದ್ದರಿಂದ ಅಲ್ಲಿನ ಬೆಳಕನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹರಡಿದ ಕಡೆ ನೋಡಿ. ನೀವು ಕಾಣಬಹುದಾದ ಒಂದು ಚಿತ್ರ ಹೀಗಿರುತ್ತದೆ: ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿ ಬೆಳಗಿದೆ. ಸೊಂಟದ ಮೂಳೆಯಲ್ಲೊಂದು ಬೆಳಗಿದೆ. ಸಿ.ಟಿ.ಯಲ್ಲಿ ಲಿವರಿನಲ್ಲಿ ಸ್ಪಷ್ಟವಾಗಿ ಕಂಡ ಗಡ್ಡೆ ಮಾತ್ರ ಇಲ್ಲಿ ಮಂಕು.

ಅದೇ ರೋಗಿ, ಅದೇ ಕ್ಯಾನ್ಸರ್, ಆದರೆ ಒಂದು ಗಡ್ಡೆಯ ಕೋಶಗಳು ನೆಕ್ಟಿನ್-4 ಕಳೆದುಕೊಂಡಿವೆ. ರೋಗ ಹರಡುತ್ತ ಹೋದಂತೆ ಹೊರಮೈಯ ನೆಕ್ಟಿನ್-4 ಕಡಿಮೆಯಾಗುವುದುಂಟು ಎಂದು ಅಂಗಾಂಶ ಪರೀಕ್ಷೆಗಳೂ ತೋರಿಸಿವೆ. ಮೂರು ವರ್ಷ ಹಿಂದೆ ಮೂತ್ರಕೋಶದಿಂದ ತೆಗೆದಿಟ್ಟ ಬಯಾಪ್ಸಿ ಚೂರು ಇವತ್ತಿನ ಲಿವರ್ ಗಡ್ಡೆಯ ಬಗ್ಗೆ ಏನು ತಾನೇ ಹೇಳೀತು? ಹರಡಿದ ಸ್ತನ ಕ್ಯಾನ್ಸರಿನಲ್ಲಿ ಇದನ್ನು ಮೊದಲೇ ಕಂಡಿದ್ದಾರೆ. ಹರ್-2 ಎಂಬ ಪ್ರೋಟೀನ್ ಗಡ್ಡೆಯಲ್ಲಿ ಇದೆ ಎಂದು ಬಯಾಪ್ಸಿ ಹೇಳಿದ ಮಹಿಳೆಯರಿಗೆ ಅದೇ ಗುರಿಯ ಪ್ರತಿಕಾಯಕ್ಕೆ ವಿಕಿರಣಶೀಲ ಜಿರ್ಕೋನಿಯಂ ಕಟ್ಟಿ ಪೆಟ್ ಮಾಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ 29 ಮಂದಿಯ ಗಡ್ಡೆಗಳು ಬೆಳಗಲಿಲ್ಲ. ಕೀಮೊ ಹೊತ್ತ ಪ್ರತಿಕಾಯ ಅಂಥವರಲ್ಲಿ ಹೆಚ್ಚು ಕೆಲಸವನ್ನೂ ಮಾಡಲಿಲ್ಲ.

ಮಂಕು ಗಡ್ಡೆಯನ್ನು ಕಂಡ ತಕ್ಷಣ ಮದ್ದು ನಿಲ್ಲಿಸಿ ಎನ್ನುವುದು ದುಡುಕು. ಎನ್‌ಫೋರ್ಟುಮಾಬ್ ಹೊತ್ತ ವಿಷ ಒಂದು ಕೋಶವನ್ನು ಕೊಂದ ಮೇಲೆ ಸೋರಿ ಪಕ್ಕದ ಕೋಶಗಳನ್ನೂ ಕೊಲ್ಲಬಲ್ಲದು. ನೆಕ್ಟಿನ್-4 ಅಲ್ಪಸ್ವಲ್ಪ ಇರುವ ಗಡ್ಡೆಯೂ ಕರಗೀತು. ಪುಟ್ಟ ಪೆಪ್ಟೈಡ್ ನುಸುಳಿದ ಜಾಗಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಪ್ರತಿಕಾಯ ನುಸುಳಲಿಕ್ಕಿಲ್ಲ ಎಂಬುದೂ ನಿಜ. ಈ ಸ್ಕ್ಯಾನ್ ತೋರಿಸುವುದು ಬಾಗಿಲು ಎಲ್ಲೆಲ್ಲಿದೆ ಎಂದು. ಒಳಗೆ ಹೋದ ವಿಷ ಬಿಡುಗಡೆಯಾಯಿತೇ ಎಂಬುದನ್ನು, ಇಲಿಯಲ್ಲಿ ಪಾರ್ಫಿರಿನ್ ತೋರಿಸಿದ ಹಾಗೆ, ಮನುಷ್ಯರಲ್ಲಿ ನಾವಿನ್ನೂ ದಿನನಿತ್ಯದ ಆಸ್ಪತ್ರೆಯಲ್ಲಿ ನೋಡುತ್ತಿಲ್ಲ. ನಡುವೆ ಇರುವ ಈ ಕಂದಕವನ್ನು ಮುಚ್ಚಿಟ್ಟು, ಎಲ್ಲ ಸಿದ್ಧವಾಗಿದೆ ಎಂದು ರೋಗಿಗಳ ಮುಂದೆ ಹೇಳುವುದು ಅನ್ಯಾಯ.

ಆದರೆ ಮಂಕು ಗಡ್ಡೆ ಇರುವ ಈ ರೋಗಿಯ ವೈದ್ಯರ ಕೈಯಲ್ಲಿ ಇವತ್ತು ನಿನ್ನೆ ಇಲ್ಲದ ಒಂದು ಸಂಗತಿ ಇದೆ. ಮೂರು ತಿಂಗಳ ಅಳತೆಪಟ್ಟಿಗೆ ಕಾಯದೆ ಲಿವರಿನ ಮೇಲೆ ಕಣ್ಣಿಡಬಹುದು. ಅಲ್ಲಿಂದ ಒಂದು ಚೂರು ಬಯಾಪ್ಸಿ ತೆಗೆಸಬಹುದು. ಉಳಿದ ಕಡೆ ಮದ್ದು ನಡೆಯುತ್ತಿರುವಾಗಲೇ ಆ ಒಂದು ಗಡ್ಡೆಗೆ ವಿಕಿರಣ ಚಿಕಿತ್ಸೆ ಆದೀತೇ ಎಂದು ಸಹೋದ್ಯೋಗಿಗಳನ್ನು ಕೇಳಬಹುದು. ಹಾಗೆ ಮಾಡಿದವರು ಹೆಚ್ಚು ಕಾಲ, ಕಡಿಮೆ ಯಾತನೆಯಲ್ಲಿ ಬದುಕುತ್ತಾರೆಯೇ ಎಂಬುದನ್ನು ತೀರ್ಮಾನಿಸಲು ಸ್ಕ್ಯಾನ್ ನೋಡಿ ಮದ್ದು ಆರಿಸಿದ ಗುಂಪನ್ನು ನೋಡದೆ ಆರಿಸಿದ ಗುಂಪಿನೊಂದಿಗೆ ಹೋಲಿಸುವ ದೊಡ್ಡ ಪರೀಕ್ಷೆಗಳು ನಡೆಯಬೇಕು. ಅವುಗಳಿಗೆ ಹಣ, ಯಂತ್ರ, ಗ್ಯಾಲಿಯಂ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಇನ್ನೊಂದು ಸ್ಕ್ಯಾನಿಗೆ ಒಪ್ಪಿ ಮಂಚದ ಮೇಲೆ ಮಲಗುವ ರೋಗಿಗಳು.